ಚಿನ್ನ ಮುಗಿದಿರಲಿಲ್ಲ, ಆಳ ಹೆಚ್ಚಾಗಿತ್ತು

ಕೆಜಿಎಫ್‌ನ ಗಣಿಗಳನ್ನು 2001ರ ಫೆಬ್ರವರಿ 28ರಂದು ಮುಚ್ಚಿದಾಗ ಅಲ್ಲಿ ಚಿನ್ನ ಮುಗಿದಿರಲಿಲ್ಲ. ನಮ್ಮ ಕೋಲಾರದ ಕಡೆಯ ಹಿರಿಯರು ಈ ಮಾತನ್ನು ಇಂದಿಗೂ ಅರ್ಧ ಹೆಮ್ಮೆಯಿಂದ, ಅರ್ಧ ಸಿಟ್ಟಿನಿಂದ ಹೇಳುತ್ತಾರೆ, ಮತ್ತು ಅದು ನಿಜ ಕೂಡ. ಆದರೆ ಆ ಚಿನ್ನವನ್ನು ಮೇಲೆ ತರಲು ತಗಲುತ್ತಿದ್ದ ಖರ್ಚು ಚಿನ್ನದ ಬೆಲೆಯನ್ನು ಮೀರಿ ಆಗಲೇ ಬಹಳ ವರ್ಷಗಳಾಗಿದ್ದವು. 1880ರ ಸುಮಾರಿಗೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೆಲಸ ಆರಂಭಿಸಿದ ಮೊದಲ ದಶಕಗಳಲ್ಲಿ ಒಂದು ಟನ್ ಅದಿರಿಗೆ ನಲವತ್ತು ಗ್ರಾಂಗೂ ಹೆಚ್ಚು ಚಿನ್ನ ಸಿಗುತ್ತಿತ್ತು. ಕೊನೆಗಾಲದಲ್ಲಿ ಅದು ಮೂರು ನಾಲ್ಕು ಗ್ರಾಂಗೆ ಇಳಿದಿತ್ತು. ಅಷ್ಟರಲ್ಲಿ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಹೋಗಿತ್ತು. ಅಷ್ಟು ಆಳದಲ್ಲಿ ಬಂಡೆಯೇ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದಿರುತ್ತದೆ. ಕಾರ್ಮಿಕರು ಉಸಿರಾಡಬೇಕಾದರೆ ತಂಪು ಗಾಳಿಯನ್ನು ಮೇಲಿನಿಂದ ಇಳಿಸಬೇಕು, ಜಿನುಗುವ ನೀರನ್ನು ಹಗಲೂ ರಾತ್ರಿ ಎತ್ತಿ ಹಾಕಬೇಕು, ಒತ್ತಡ ತಾಳದೆ ಬಂಡೆ ಸಿಡಿದರೆ ಜೀವಗಳನ್ನೇ ತೆರಬೇಕು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲ ಕೊನೆಗೆ ನಿಂತದ್ದು ಬರಿದಾಗಿ ಅಲ್ಲ, ದುಬಾರಿಯಾಗಿ.

ಮಿತಿಯಿರುವ ಭೂಮಿಯ ಮೇಲೆ ಮಿತಿಯಿಲ್ಲದ ಬೆಳವಣಿಗೆ ಸಾಧ್ಯವೇ ಎಂಬ ಚರ್ಚೆ ಬಂದಾಗಲೆಲ್ಲ ನನಗೆ ಈ ಗಣಿ ನೆನಪಾಗುತ್ತದೆ. ಏಕೆಂದರೆ ಆ ಚರ್ಚೆ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ: ಪೆಟ್ರೋಲ್ ಯಾವಾಗ ಮುಗಿಯುತ್ತದೆ, ತಾಮ್ರ ಯಾವಾಗ ಮುಗಿಯುತ್ತದೆ, ನೀರು ಯಾವಾಗ ಮುಗಿಯುತ್ತದೆ. ಒಂದು ಕಡೆಯವರು ಇಸವಿ ಹೇಳುತ್ತಾರೆ. ಆ ಇಸವಿ ಬಂದು ಏನೂ ಆಗದೆ ಹೋದಾಗ ಇನ್ನೊಂದು ಕಡೆಯವರು ನಗುತ್ತಾರೆ. ನನ್ನ ತಿಳಿವಳಿಕೆಯಲ್ಲಿ ಮಿತಿ ಎಂಬುದು ಪಾತ್ರೆ ತಳ ಕಾಣುವಂತೆ ಒಂದು ದಿನ ಬಂದು ನಿಲ್ಲುವುದಿಲ್ಲ. ಮೊದಲು ಸಿಕ್ಕಷ್ಟೇ ಸಿಗಬೇಕಾದರೆ ಮೊದಲಿಗಿಂತ ಹೆಚ್ಚು ದುಡಿಮೆ, ಹೆಚ್ಚು ಇಂಧನ, ಹೆಚ್ಚು ಸಾಲ ಬೇಕಾಗುತ್ತಾ ಹೋಗುತ್ತದೆ. ಆ ಹೆಚ್ಚುವರಿ ಖರ್ಚನ್ನೂ ನಾವು ಬೆಳವಣಿಗೆ ಎಂದೇ ಲೆಕ್ಕ ಬರೆದುಕೊಳ್ಳುವುದರಿಂದ ಮಿತಿ ಹತ್ತಿರ ಬಂದದ್ದು ನಮ್ಮ ಪುಸ್ತಕಗಳಲ್ಲಿ ಕಾಣಿಸುವುದೇ ಇಲ್ಲ.

ಮೊದಲು ಗಣಿತವನ್ನು ಮುಗಿಸಿಬಿಡುತ್ತೇನೆ. ವರ್ಷಕ್ಕೆ ಶೇ 7ರ ದರದಲ್ಲಿ ಬೆಳೆಯುವ ಯಾವುದೇ ಮೊತ್ತ ಸುಮಾರು ಹತ್ತು ವರ್ಷಗಳಲ್ಲಿ ಎರಡರಷ್ಟಾಗುತ್ತದೆ. ಅದೇ ದರ ನೂರು ವರ್ಷ ಮುಂದುವರಿದರೆ ಎಂಟುನೂರು ಪಟ್ಟು ದಾಟುತ್ತದೆ. ಶೇ 3ರ ಸಾಧಾರಣ ದರವೂ ನೂರು ವರ್ಷಗಳಲ್ಲಿ ಹತ್ತೊಂಬತ್ತು ಪಟ್ಟಾಗುತ್ತದೆ. ಬಜೆಟ್ ಮಂಡಿಸುವ ಯಾರೂ ನೂರು ವರ್ಷದ ಲೆಕ್ಕ ಹಾಕುವುದಿಲ್ಲ, ಹಾಕಬೇಕಾದ ಅಗತ್ಯವೂ ಅವರಿಗಿಲ್ಲ. ಆದರೆ ವರ್ಷವರ್ಷವೂ ಇಷ್ಟು ಶೇಕಡಾ ಬೆಳೆಯಲೇಬೇಕು, ಇಲ್ಲವಾದರೆ ಉದ್ಯೋಗವಿಲ್ಲ, ಸಾಲ ತೀರುವುದಿಲ್ಲ ಎಂಬ ವ್ಯವಸ್ಥೆಯನ್ನು ಕಟ್ಟಿಕೊಂಡ ಮೇಲೆ ಆ ನೂರು ವರ್ಷದ ಲೆಕ್ಕ ತಾನಾಗಿಯೇ ಅದರೊಳಗೆ ಸೇರಿರುತ್ತದೆ.

ಇದಕ್ಕೆ ಅರ್ಥಶಾಸ್ತ್ರಜ್ಞರ ಉತ್ತರ ತಳ್ಳಿಹಾಕುವಂಥದ್ದಲ್ಲ. ಬೆಳೆಯುವುದು ಮೌಲ್ಯ, ವಸ್ತುವಲ್ಲ ಎಂದು ಅವರು ಹೇಳುತ್ತಾರೆ. ಒಳ್ಳೆಯ ಸಾಫ್ಟ್‌ವೇರ್‌ಗೆ, ಒಳ್ಳೆಯ ಪಾಠಕ್ಕೆ, ಒಳ್ಳೆಯ ಚಿಕಿತ್ಸೆಗೆ ಹೆಚ್ಚು ಕಬ್ಬಿಣವೇನೂ ಬೇಕಾಗುವುದಿಲ್ಲ. ಬ್ರಿಟನ್ ದೇಶ 1990ರಿಂದೀಚೆಗೆ ತನ್ನ ನೆಲದ ಮೇಲಿನ ಇಂಗಾಲದ ಹೊರಸೂಸುವಿಕೆಯನ್ನು ಸುಮಾರು ಅರ್ಧಕ್ಕೆ ಇಳಿಸಿಕೊಂಡಿದೆ, ಅದೇ ಅವಧಿಯಲ್ಲಿ ಅದರ ಆರ್ಥಿಕತೆ ಬೆಳೆದಿದೆ. ಇದು ಸಣ್ಣ ಸಾಧನೆಯಲ್ಲ. ಹೊರಗೆ ತಯಾರಾಗಿ ಒಳಗೆ ಬರುವ ಸಾಮಾನುಗಳ ಹೊಗೆಯನ್ನೂ ಸೇರಿಸಿದರೆ ಇಳಿಕೆ ಕಡಿಮೆಯಾಗುತ್ತದೆ ಎಂಬ ಆಕ್ಷೇಪ ಇದೆ. ಆದರೂ ಇಳಿಕೆ ಇದೆ. ಆದರೆ ಇಡೀ ಭೂಮಿಯ ಲೆಕ್ಕ ನೋಡಿದರೆ ಚಿತ್ರ ಬೇರೆ. 1970ರಲ್ಲಿ ಮನುಷ್ಯರು ಭೂಮಿಯಿಂದ ತೆಗೆಯುತ್ತಿದ್ದ ಮರಳು, ಕಲ್ಲು, ಅದಿರು, ಇಂಧನ, ಬೆಳೆ, ಮರ ಎಲ್ಲ ಸೇರಿ ವರ್ಷಕ್ಕೆ ಸುಮಾರು 3,000 ಕೋಟಿ ಟನ್ ಇತ್ತು. ಈಗ ಅದು 10,000 ಕೋಟಿ ಟನ್ ದಾಟಿದೆ ಎಂದು ವಿಶ್ವಸಂಸ್ಥೆಯ ಸಂಪನ್ಮೂಲ ಸಮಿತಿಯ ವರದಿಗಳು ಹೇಳುತ್ತವೆ. ಜನಸಂಖ್ಯೆ ಈ ಅವಧಿಯಲ್ಲಿ ಎರಡರಷ್ಟಾಗಿದೆ, ತೆಗೆದ ವಸ್ತು ಮೂರು ಪಟ್ಟಿಗೂ ಮೀರಿದೆ. ಕಂಪ್ಯೂಟರ್, ಇಂಟರ್ನೆಟ್, ಮೊಬೈಲ್ ಎಲ್ಲವೂ ಬಂದ ಐವತ್ತು ವರ್ಷಗಳ ಲೆಕ್ಕ ಇದು.

ಜಾಗತಿಕ ಅಂಕಿಗಳನ್ನು ಹಿಡಿದು ಎಷ್ಟು ದೂರ ಬೇಕಾದರೂ ವಾದಿಸಬಹುದು. ನನಗೆ ಹತ್ತಿರದಿಂದ ಗೊತ್ತಿರುವುದು ಗಣಿಯಿಂದ ಕೆಲವೇ ಮೈಲಿ ಆಚೆ, ನಮ್ಮ ಜಿಲ್ಲೆಯ ಹೊಲಗಳಲ್ಲಿ ನಡೆಯುತ್ತಿರುವ ಇನ್ನೊಂದು ಗಣಿಗಾರಿಕೆ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ. ಅದಕ್ಕೇ ನಮ್ಮ ಹಿಂದಿನವರು ಕೆರೆ ಕಟ್ಟಿದರು. ಚಿಕ್ಕಬಳ್ಳಾಪುರವೂ ಸೇರಿದ್ದ ಹಳೆಯ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಒಂದರ ಕೋಡಿ ಹರಿದ ನೀರು ಇನ್ನೊಂದಕ್ಕೆ ಹೋಗುತ್ತಿತ್ತು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು ನೀರುಗಂಟಿಯ ಕೆಲಸವಾಗಿತ್ತು. ಕೆರೆಯಲ್ಲಿ ನೀರು ಕಡಿಮೆ ಇದ್ದ ವರ್ಷ ಅಚ್ಚುಕಟ್ಟಿನಲ್ಲಿ ಭತ್ತ ಇಡಬಾರದು, ರಾಗಿ ಇಡಬೇಕು ಎಂದು ಊರು ಕೂತು ತೀರ್ಮಾನಿಸುತ್ತಿತ್ತು. ಆ ಊರಿನಲ್ಲಿ ಜಾತಿಯ ಮೇಲುಕೀಳು ಇತ್ತು, ನೀರಿನ ಸರದಿಯಲ್ಲಿ ಅನ್ಯಾಯವೂ ಇತ್ತು, ಆದ್ದರಿಂದ ಅದನ್ನು ಸ್ವರ್ಗವೆಂದು ನಾನು ಹೇಳಲಾರೆ. ಆದರೆ ಈ ವರ್ಷ ಇರುವುದು ಇಷ್ಟು ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು.

ಕೊಳವೆಬಾವಿ ಬಂದ ಮೇಲೆ ಅದು ಕಾಣದಂತಾಯಿತು. ನಮ್ಮದು ಗಟ್ಟಿ ಕಲ್ಲಿನ ಸೀಮೆ. ಮೇಲಿನ ಶಿಥಿಲಗೊಂಡ ಕಲ್ಲುಮಣ್ಣಿನ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ, ಕೆಳಗೆ ಹೋದಷ್ಟೂ ಬಿರುಕುಗಳು ವಿರಳವಾಗುತ್ತವೆ. ಮೇಲಿನ ಪದರದ ನೀರು ಮಳೆಗೆ ತುಂಬುವ ನೀರು. ಸಾವಿರ ಅಡಿ ಕೆಳಗಿನ ಬಿರುಕಿನ ನೀರು ನಮ್ಮ ಕಾಲದ ಮಳೆಗೆ ಸುಲಭವಾಗಿ ತುಂಬುವಂಥದ್ದಲ್ಲ. ಮೂವತ್ತು ಅಡಿಯ ತೆರೆದ ಬಾವಿಯಿಂದ ಆರಂಭಿಸಿದವರು ಇನ್ನೂರು, ಐನೂರು, ಸಾವಿರ ಎಂದು ಇಳಿಯುತ್ತಾ ಈಗ ಸಾವಿರದ ಐನೂರು ಅಡಿಯ ಮಾತನ್ನು ಏನೂ ವಿಶೇಷವಿಲ್ಲವೆಂಬಂತೆ ಆಡುತ್ತಾರೆ.

ನಮ್ಮ ಚಿಕ್ಕಪ್ಪನ ಜಮೀನಿನಲ್ಲಿ ಬೋರ್ ಕೊರೆಸಿದ ರಾತ್ರಿ ನಾನೂ ಅಲ್ಲಿದ್ದೆ. ಒಬ್ಬರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದು ಪಾಯಿಂಟ್ ತೋರಿಸಿದ್ದರು. ರಿಗ್ ಲಾರಿ ತಮಿಳುನಾಡಿನ ತಿರುಚೆಂಗೋಡಿನದು. ದೇಶದ ಯಾವ ಮೂಲೆಗೆ ಹೋದರೂ ಆ ಊರಿನ ರಿಗ್‌ಗಳು ಸಿಗುತ್ತವೆ. ಕಂಪ್ರೆಸರ್ ಗದ್ದಲದಲ್ಲಿ ಯಾರ ಮಾತೂ ಕೇಳಿಸುತ್ತಿರಲಿಲ್ಲ, ಕೊರೆದ ಕಲ್ಲಿನ ಬಿಳಿ ಪುಡಿ ಹೊಗೆಯಂತೆ ಎದ್ದು ಪಕ್ಕದ ಹಿಪ್ಪುನೇರಳೆ ಗಿಡಗಳ ಮೇಲೆ ಕೂರುತ್ತಿತ್ತು. ಪುಡಿ ಒದ್ದೆಯಾಗಿ ಕಪ್ಪಾದರೆ ನೀರಿನ ಸುಳಿವು. ಎಲ್ಲರೂ ಟಾರ್ಚ್ ಬಿಟ್ಟು ಅದನ್ನೇ ನೋಡುತ್ತಿದ್ದರು. ಎಂಟುನೂರು ಅಡಿಯಾಯಿತು, ಪುಡಿ ಒಣಗಿಯೇ ಬರುತ್ತಿತ್ತು. ಆಳ ಹೆಚ್ಚಿದಂತೆ ಅಡಿಯ ದರವೂ ಹೆಚ್ಚುತ್ತದೆ. ಮೊದಲ ಮುನ್ನೂರು ಅಡಿಯ ದರ ಬೇರೆ, ಸಾವಿರದ ಮೇಲಿನ ದರ ಬೇರೆ. ಏಜೆಂಟ್ ಬಂದು, "ಇನ್ನೂ ನೂರಡಿ ಬಿಡಲಾ ಅಣ್ಣ?" ಎಂದು ಕೇಳಿದ. "ಬಿಡಪ್ಪ, ಇಷ್ಟು ಹೋದ ಮೇಲೆ ಇನ್ನೇನು" ಎಂದರು ಚಿಕ್ಕಪ್ಪ. ಚಿಕ್ಕಮ್ಮ ನನ್ನ ಪಕ್ಕಕ್ಕೆ ಬಂದು, "ನೀನಾದ್ರೂ ಸಾಕು ಅನ್ನು ಮರಿ, ನನ್ನ ಮಾತು ಕೇಳಲ್ಲ" ಎಂದರು. ನಾನು ಹೇಳಲಿಲ್ಲ, ಹೇಳಿದ್ದರೂ ಅವರು ಕೇಳುತ್ತಿರಲಿಲ್ಲ. ಸಾವಿರದ ಮುನ್ನೂರು ದಾಟಿದ ಮೇಲೆ ಒಂದೂವರೆ ಇಂಚು ನೀರು ಸಿಕ್ಕಿತು. ಎರಡನೆಯ ಬೇಸಿಗೆಗೆ ಅದು ನಿಂತಿತು, ಸಾಲ ಇನ್ನೂ ನಿಂತಿರಲಿಲ್ಲ.

ಈಗ ಆ ರಾತ್ರಿಯನ್ನು ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಇಟ್ಟು ನೋಡಬೇಕು. ರಿಗ್‌ನವರಿಗೆ ಕೊಟ್ಟ ಹಣ, ಕೇಸಿಂಗ್ ಪೈಪಿನ ಬೆಲೆ, ಹೊಸ ಸಬ್‌ಮರ್ಸಿಬಲ್ ಮೋಟಾರು, ಕೇಬಲ್ಲು, ಬ್ಯಾಂಕಿನ ಬಡ್ಡಿ, ಡೀಸೆಲ್ಲು ಎಲ್ಲವೂ ಯಾರದೋ ಉತ್ಪಾದನೆ, ಯಾರದೋ ಆದಾಯ. ಆದ್ದರಿಂದ ಅವೆಲ್ಲ ಬೆಳವಣಿಗೆಯ ಖಾತೆಗೆ ಸೇರುತ್ತವೆ. ಭೂಮಿಯೊಳಗಿನ ನೀರು ಇಷ್ಟು ಇಳಿಯಿತು ಎಂಬುದಕ್ಕೆ ಆ ಪುಸ್ತಕದಲ್ಲಿ ಕಳೆಯುವ ಕಾಲಂ ಇಲ್ಲ. ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಾಗಾಗಿ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿದೆ, ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬುತ್ತದೆ. ನಮ್ಮಜ್ಜಿ ಬಾವಿಯಿಂದ ಸೇದಿ ತರುತ್ತಿದ್ದ ಕೊಡ ನೀರಿನಿಂದ ಜಿಡಿಪಿಗೆ ನಯಾಪೈಸೆಯೂ ಸೇರುತ್ತಿರಲಿಲ್ಲ, ಈ ಕ್ಯಾನಿನಿಂದ ಸೇರುತ್ತದೆ. ನೀರು ಕೆಟ್ಟಷ್ಟೂ ಲೆಕ್ಕ ಏರುತ್ತದೆ. ಮನೆಯ ಒಡವೆ ಅಡವಿಟ್ಟು ತಂದ ಹಣವನ್ನು ಸಂಬಳದ ಖಾತೆಗೆ ಬರೆದುಕೊಂಡು ಈ ತಿಂಗಳು ಆದಾಯ ಹೆಚ್ಚಾಯಿತೆಂದು ಹಿಗ್ಗುವ ಮನೆಯನ್ನು ನಾವು ಬುದ್ಧಿವಂತರ ಮನೆ ಎನ್ನುವುದಿಲ್ಲ. ರಾಷ್ಟ್ರೀಯ ಆದಾಯವನ್ನು ಅಳೆಯುವ ಕ್ರಮವನ್ನು ರೂಪಿಸಿದವರಲ್ಲಿ ಪ್ರಮುಖರಾದ ಸೈಮನ್ ಕುಜ್ನೆಟ್ಸ್ 1934ರಲ್ಲೇ ಅಮೆರಿಕದ ಸಂಸತ್ತಿಗೆ ಕೊಟ್ಟ ವರದಿಯಲ್ಲಿ, ಈ ಅಂಕಿಯಿಂದ ಒಂದು ದೇಶದ ಕ್ಷೇಮವನ್ನು ಊಹಿಸಲಾಗದೆಂದು ಎಚ್ಚರಿಸಿದ್ದರು. ಅಳತೆಗೋಲನ್ನು ಇಟ್ಟುಕೊಂಡೆವು, ಎಚ್ಚರಿಕೆಯನ್ನು ಬಿಟ್ಟೆವು.

ಬೆಳವಣಿಗೆಯ ಪರವಾಗಿ ವಾದಿಸುವವರು ಒಂದು ಪಂದ್ಯದ ಕತೆಯನ್ನು ತಪ್ಪದೆ ಹೇಳುತ್ತಾರೆ. 1980ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಮತ್ತು ಜೀವವಿಜ್ಞಾನಿ ಪಾಲ್ ಎರ್ಲಿಕ್ ಐದು ಲೋಹಗಳ ಬೆಲೆಯ ಮೇಲೆ ಪಂದ್ಯ ಕಟ್ಟಿದರು. ಹತ್ತು ವರ್ಷಗಳಲ್ಲಿ ಅವು ದುಬಾರಿಯಾಗುತ್ತವೆ ಎಂದು ಎರ್ಲಿಕ್, ಅಗ್ಗವಾಗುತ್ತವೆ ಎಂದು ಸೈಮನ್. 1990ರಲ್ಲಿ ಎರ್ಲಿಕ್ ಸೋತು 576 ಡಾಲರ್‌ಗಳ ಚೆಕ್ ಕಳಿಸಬೇಕಾಯಿತು. ಸೈಮನ್ ಅವರ ವಾದದಲ್ಲಿ ತಿರುಳಿದೆ: ವಸ್ತು ಕಡಿಮೆಯಾದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಜನ ಮಿತವಾಗಿ ಬಳಸುತ್ತಾರೆ, ಪರ್ಯಾಯ ಹುಡುಕುತ್ತಾರೆ, ಹೊಸ ನಿಕ್ಷೇಪ ಪತ್ತೆ ಹಚ್ಚುತ್ತಾರೆ. ತಾಮ್ರದ ಅದಿರಿನಲ್ಲಿ ಇಂದು ಶೇ 1ಕ್ಕಿಂತ ಕಡಿಮೆ ತಾಮ್ರವಿದ್ದರೂ ಗಣಿಗಳು ನಡೆಯುತ್ತಿರುವುದು ಈ ಜಾಣ್ಮೆಯಿಂದಲೇ. ಆದರೆ ಆ ವಾದ ನಿಂತಿರುವುದು ಬೆಲೆಯ ಮೇಲೆ. ನಮ್ಮ ನೆಲದಡಿಯ ನೀರಿಗೆ ಬೆಲೆ ಎಲ್ಲಿದೆ? 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ, ನೀರು ಯಾರು ಮೊದಲು ಎತ್ತುತ್ತಾರೋ ಅವರದು. ನಾನು ಇಂದು ಉಳಿಸಿದ ನೀರು ನಾಳೆ ಪಕ್ಕದ ಹೊಲದವರ ಮೋಟಾರಿಗೆ ಹೋಗುತ್ತದೆ ಎಂದು ಗೊತ್ತಿರುವಾಗ ಯಾವ ರೈತ ಉಳಿಸುತ್ತಾನೆ? ಹೊಗೆ ಬಿಡುವ ಆಕಾಶಕ್ಕೂ ಬಹುಪಾಲು ಕಡೆ ಇದೇ ಗತಿ. ಬೆಲೆಯ ಗಂಟೆ ಬಾರಿಸದ ಜಾಗಗಳಲ್ಲೇ ನಾವು ಅತ್ಯಂತ ವೇಗವಾಗಿ ಖಾಲಿ ಮಾಡುತ್ತಿದ್ದೇವೆ.

ದಕ್ಷತೆಯ ವಿಷಯವೂ ನಾವಂದುಕೊಂಡಷ್ಟು ಸರಳವಾಗಿಲ್ಲ. ಇಂಗ್ಲೆಂಡಿನ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲಿ ಕಲ್ಲಿದ್ದಲಿನ ಬಗ್ಗೆ ಗಮನಿಸಿದ್ದನ್ನು ನಮ್ಮ ಟೊಮೆಟೊ ಹೊಲಗಳಲ್ಲಿ ಇಂದು ನೋಡಬಹುದು. ಉಗಿಯಂತ್ರ ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡತೊಡಗಿದಾಗ ಒಟ್ಟು ಕಲ್ಲಿದ್ದಲಿನ ಬಳಕೆ ಇಳಿಯಲಿಲ್ಲ, ಏರಿತು. ಹನಿ ನೀರಾವರಿ ನಿಜಕ್ಕೂ ಒಳ್ಳೆಯ ತಂತ್ರ, ಸಬ್ಸಿಡಿಯೂ ಸಿಗುತ್ತದೆ. ಸಾಲುಗಳಲ್ಲಿ ನೀರು ಹಾಯಿಸಿ ಒಂದು ಎಕರೆ ಬೆಳೆಯುತ್ತಿದ್ದವರು ಡ್ರಿಪ್ಪು, ತೇವ ಆರದಂತೆ ನೆಲ ಮುಚ್ಚುವ ಮಲ್ಚಿಂಗ್ ಹಾಳೆ ಹಾಕಿದ ಮೇಲೆ ಅದೇ ನೀರಿನಲ್ಲಿ ಎರಡು ಎಕರೆ ಬೆಳೆಯುತ್ತಾರೆ. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದಾಗಿದ್ದರ ಹಿಂದೆ ಈ ಶ್ರಮ, ಈ ಜಾಣ್ಮೆ ಇದೆ. ಆದರೆ ಉಳಿದ ನೀರು ನೆಲದಲ್ಲಿ ಉಳಿಯಲಿಲ್ಲ, ಹೊಸ ಎಕರೆಗೆ ಹೋಯಿತು. ಸೌರಶಕ್ತಿಯಿಂದ ಎಲ್ಲವೂ ಸರಿಹೋಗುತ್ತದೆ ಎನ್ನುವ ಗೆಳೆಯರಿಗೆ ನಾನು ಹೇಳುವುದೂ ಇದನ್ನೇ. ಸೂರ್ಯನ ಬೆಳಕಿಗೆ ಬರ ಇಲ್ಲ, ಸೌರ ವಿದ್ಯುತ್ತು ಬರಲೇಬೇಕು. ಆದರೆ ಸೌರ ಪಂಪು ಹಗಲಿಡೀ ಖರ್ಚಿಲ್ಲದೆ ಓಡುತ್ತದೆ. ಕರೆಂಟು ಹೋಗುತ್ತಿದ್ದ ಗಂಟೆಗಳಲ್ಲಾದರೂ ನೆಲದ ನೀರಿಗೆ ಸಿಗುತ್ತಿದ್ದ ಬಿಡುವು ಅದರಿಂದ ಹೋಗುತ್ತದೆ. ಒಂದು ಸಂಪನ್ಮೂಲದ ಮಿತಿ ಸಡಿಲವಾದಾಗ ಅದರ ಪಕ್ಕದಲ್ಲಿರುವ ಇನ್ನೊಂದು ಬೇಗ ಖಾಲಿಯಾಗಬಹುದು.

ಹೊರಗಿನಿಂದ ನೀರು ತರುತ್ತೇವಲ್ಲ ಎಂಬ ಮಾತು ಇದೆ, ಮತ್ತು ತಂದಿದ್ದಾರೆ ಕೂಡ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಡಿ 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದಾಗ ನೊರೆ ಎದ್ದದ್ದು, ಗಲಾಟೆಯಾದದ್ದು, ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿದ್ದು ಎಲ್ಲರಿಗೂ ನೆನಪಿರಬಹುದು. ಎರಡನೆಯ ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತ ಬೇಕೆಂಬ ಹೋರಾಟಗಾರರ ಬೇಡಿಕೆ ನ್ಯಾಯವಾದದ್ದೇ. ಆದರೂ ದಶಕಗಳಿಂದ ಒಣಗಿದ್ದ ಕೆರೆಗಳು ತುಂಬಿದವು, ಸುತ್ತಲ ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತು. ಇದನ್ನು ಅಲ್ಲಗಳೆಯುವುದು ಹಟವಾದೀತು. ಆದರೆ ಆ ನೀರಿನ ಹಾದಿಯನ್ನು ಹಿಂದಕ್ಕೆ ಹಿಡಿದು ನಡೆಯಿರಿ. ಅದರ ಬಹುಭಾಗ ಕಾವೇರಿ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ನೂರಾರು ಮೀಟರ್ ಎತ್ತರಕ್ಕೆ ಪಂಪ್ ಮಾಡಿ ಬೆಂಗಳೂರಿಗೆ ತಂದು, ಬಳಸಿ, ಕೊಳೆ ಮಾಡಿ, ತೊಳೆದು, ಮತ್ತೆ ಪಂಪ್ ಮಾಡಿ ಕೋಲಾರಕ್ಕೆ ಕಳಿಸಿದ ನೀರು ಅದು. ಬೆಂಗಳೂರು ಹೆಚ್ಚು ಬಳಸಿದಷ್ಟೂ ನಮ್ಮ ಕೆರೆಗೆ ಹೆಚ್ಚು. ಆ ಕಾವೇರಿಯಾದರೂ ಬೆಳೆಯುತ್ತದೆಯೇ? 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಎಂದು ನಿಗದಿ ಮಾಡಿತು, ಬೆಂಗಳೂರಿನ ಕುಡಿಯುವ ನೀರಿಗೆಂದು ಹೆಚ್ಚುವರಿಯಾಗಿ ಸೇರಿಸಿದ್ದು ಅದರಲ್ಲಿ 4.75 ಟಿಎಂಸಿ. ನಗರದ ಆರ್ಥಿಕತೆ ವರ್ಷಕ್ಕೆ ಎಷ್ಟು ಶೇಕಡಾ ಬೆಳೆದರೂ ಆ ಅಂಕಿಗೆ ಶೇಕಡಾ ಲೆಕ್ಕ ತಿಳಿಯುವುದಿಲ್ಲ.

ಎತ್ತಿನಹೊಳೆಯದೂ ಇದೇ ಜಾಡು. ಪಶ್ಚಿಮ ಘಟ್ಟದ ಹಳ್ಳಗಳ 24 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಈ ಯೋಜನೆಯ ಅಂದಾಜು ಮೊದಲು ಸುಮಾರು 8,300 ಕೋಟಿ ರೂಪಾಯಿ ಇತ್ತು, 2014ರಲ್ಲಿ ಸುಮಾರು 12,900 ಕೋಟಿ ಆಯಿತು, 2023ರಲ್ಲಿ 23,200 ಕೋಟಿ ದಾಟಿತು. ಘಟ್ಟದ ಕಾಡಿಗೆ ಆದ ಹಾನಿಯನ್ನು ಇದರಲ್ಲಿ ಯಾರೂ ಸೇರಿಸಿಲ್ಲ. ಬಂಡೆಯ ಆಳವಿರಲಿ, ಪೈಪಿನ ಉದ್ದವಿರಲಿ, ಅದೇ ಒಂದು ಕೊಡ ನೀರಿಗೆ ತೆರುವ ಬೆಲೆ ಏರುತ್ತಲೇ ಇದೆ. ಕೆಜಿಎಫ್‌ನಲ್ಲಿ ಇದೇ ಲೆಕ್ಕ ಒಂದು ದಿನ ಗಣಿಯನ್ನು ಮುಚ್ಚಿಸಿತು, ಏಕೆಂದರೆ ಚಿನ್ನವಿಲ್ಲದೆಯೂ ಬದುಕಬಹುದು.

ಇಷ್ಟನ್ನು ಹೇಳಿದರೆ ಕೂಡಲೇ ಬರುವ ಪ್ರಶ್ನೆ: ಹಾಗಾದರೆ ಬಡವರು ಬಡವರಾಗಿಯೇ ಇರಬೇಕೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸರಾಸರಿ ಅಮೆರಿಕನ್ನರು ಹೊರಸೂಸುವ ಇಂಗಾಲಕ್ಕೆ ಹೋಲಿಸಿದರೆ ಸರಾಸರಿ ಭಾರತೀಯರದು ಸುಮಾರು ಏಳರಲ್ಲಿ ಒಂದು ಪಾಲು. ನಮ್ಮ ಊರುಗಳಿಗೆ ಇನ್ನೂ ಆಸ್ಪತ್ರೆ ಬೇಕು, ಗಟ್ಟಿ ಸೂರು ಬೇಕು, ಬಸ್ಸು ಬೇಕು. ಇವಕ್ಕೆ ಕಬ್ಬಿಣ, ಸಿಮೆಂಟು, ವಿದ್ಯುತ್ತು ಬೇಕೇ ಬೇಕು. ಈ ಬೆಳವಣಿಗೆ ನಿಲ್ಲಬೇಕೆಂದು ಎಸಿ ಕೋಣೆಯಲ್ಲಿ ಕೂತು ಉಪದೇಶಿಸುವವರ ಜೊತೆ ನಾನಿಲ್ಲ. ಆದರೆ ಮಿತಿಯನ್ನು ನಿರ್ಲಕ್ಷಿಸುವುದು ಬಡವರ ಪರ ಎಂಬ ಮಾತನ್ನೂ ಒಪ್ಪಲಾರೆ, ಏಕೆಂದರೆ ಮಿತಿ ಮೊದಲು ತಟ್ಟುವುದು ಅವರಿಗೇ. ಅಂತರ್ಜಲ ಇಳಿದಾಗ ಮೊದಲು ಒಣಗಿದ್ದು ಎರಡು ಎಕರೆಯವರ ತೆರೆದ ಬಾವಿ. ಸಾವಿರದ ಐನೂರು ಅಡಿ ಕೊರೆಸುವ ತಾಕತ್ತು ಇದ್ದವರಿಗೆ ಇನ್ನೂ ಹತ್ತು ವರ್ಷ ನೀರು ಸಿಕ್ಕಿತು. ಬಾವಿ ಒಣಗಿದವರು ಮುಂಜಾನೆಯ ರೈಲು ಹಿಡಿದು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದರು, ಅವರ ಕೂಲಿಯೂ ಬೆಳವಣಿಗೆಯ ಲೆಕ್ಕಕ್ಕೇ ಸೇರಿತು.

ಅಂತ್ಯವಿಲ್ಲದ ಬೆಳವಣಿಗೆ ಸಾಧ್ಯವೇ ಎಂದರೆ, ವಸ್ತುವಿನ ಬೆಳವಣಿಗೆ ಸಾಧ್ಯವಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ವಸ್ತುವಿಲ್ಲದ ಮೌಲ್ಯ ಎಷ್ಟು ದೂರ ಬೆಳೆಯಬಹುದು ಎಂಬುದನ್ನು ಬಲ್ಲವರು ಚರ್ಚಿಸಲಿ. ಆದರೆ ಉಣ್ಣುವುದು, ಕುಡಿಯುವುದು, ಉಡುವುದು ಅದರಲ್ಲಿ ಬರುವುದಿಲ್ಲ. ಆಗಬೇಕಾದ ಕೆಲಸ ಬಹಳ ದೊಡ್ಡದೇನೂ ಅಲ್ಲದೆ ಆರಂಭವಾಗಬಹುದು. ಅಟಲ್ ಭೂಜಲ ಯೋಜನೆಯಡಿ ನಮ್ಮ ಜಿಲ್ಲೆಗಳ ಗ್ರಾಮ ಪಂಚಾಯಿತಿಗಳು ನೀರಿನ ಆಯವ್ಯಯವನ್ನು ತಯಾರಿಸಿವೆ: ಮಳೆಯಿಂದ ಎಷ್ಟು ಬರುತ್ತದೆ, ಬೆಳೆಗೆ ಎಷ್ಟು ಹೋಗುತ್ತದೆ, ಕೊರತೆ ಎಷ್ಟು. ಕೊಳವೆಬಾವಿಗೆ ಅನುಮತಿ ಕಡ್ಡಾಯ ಮಾಡುವ ಅಂತರ್ಜಲ ಕಾಯ್ದೆ ರಾಜ್ಯದಲ್ಲಿ 2011ರಿಂದಲೂ ಇದೆ. ಈ ಎರಡನ್ನೂ ಇದುವರೆಗೆ ಒಂದಕ್ಕೊಂದು ಕಟ್ಟಿಲ್ಲ. ಕೊರತೆ ತೋರಿಸುವ ಪಂಚಾಯಿತಿಯಲ್ಲಿ ಹೊಸ ಬೋರಿಗೆ ಅನುಮತಿ ಇಲ್ಲ, ಅದರ ಬದಲು ಆ ರೈತರಿಗೆ ರಾಗಿ, ತೊಗರಿ, ಅವರೆಗೆ ಖಚಿತ ಖರೀದಿ ಉಂಟು ಎಂದು ಸರ್ಕಾರ ಹೇಳಬೇಕು. ಉಚಿತ ವಿದ್ಯುತ್ತಿಗೆ ಸುರಿಯುವ ಸಬ್ಸಿಡಿಯ ಒಂದು ಪಾಲನ್ನು ನೀರೆತ್ತದೆ ಉಳಿಸಿದವರ ಕೈಗೆ ನಗದಾಗಿ ಕೊಡಬೇಕು. ರಾಜ್ಯದ ಆರ್ಥಿಕ ಸಮೀಕ್ಷೆ ಪ್ರಕಟವಾಗುವಾಗ ಜಿಲ್ಲಾವಾರು ಆದಾಯದ ಪಕ್ಕದಲ್ಲೇ ಆ ವರ್ಷ ಆ ಜಿಲ್ಲೆಯ ನೆಲದಡಿಯಿಂದ ಕಡಿಮೆಯಾದ ನೀರಿನ ಅಂಕಿಯನ್ನೂ ಅಚ್ಚು ಹಾಕಬೇಕು. ಕೋಲಾರದ ಸಾಲಿನಲ್ಲಿ ಆ ಎರಡು ಅಂಕಿಗಳನ್ನು ಒಟ್ಟಿಗೆ ನೋಡಿದ ಮೇಲೆ ನಮ್ಮ ಶಾಸಕರು ಇನ್ನೊಂದು ಪೈಪ್‌ಲೈನ್ ಕೇಳುತ್ತಾರೋ, ಬೇರೆ ಏನನ್ನಾದರೂ ಕೇಳುತ್ತಾರೋ ನೋಡೋಣ.